ಪಟ್ಟಿಯಲ್ಲಿ ಬಿಟ್ಟುಹೋದ ಹೆಸರುಗಳು

ನನ್ನ ಮೇಜಿನ ಖಾನೆಯಲ್ಲಿ ನೂರು ಪುಟಗಳ ಒಂದು ನೋಟು ಪುಸ್ತಕವಿದೆ. ಶಾಲೆಯ ಮಕ್ಕಳು ಬಳಸುವಂಥ, ನೀಲಿ ರಟ್ಟಿನ ಸಾಮಾನ್ಯ ಪುಸ್ತಕ. ಅದರ ಮೊದಲ ಪುಟಗಳಲ್ಲಿ ನಮ್ಮ ಧರ್ಮಕೇಂದ್ರಕ್ಕೆ ಸೇರಿದ ಕುಟುಂಬಗಳ ಹೆಸರುಗಳೂ ಅವುಗಳ ಮುಂದೆ ದೂರವಾಣಿ ಸಂಖ್ಯೆಗಳೂ ಇವೆ. ಒಂಬತ್ತು ಹೆಸರುಗಳ ಮುಂದೆ ಮಾತ್ರ ಸಂಖ್ಯೆಯಿಲ್ಲ. ಒಂದು ಸಣ್ಣ ಗೆರೆಯಿದೆ. ಆ ಗೆರೆಗಳನ್ನು ಎಳೆದವನು ನಾನೇ. ಅವುಗಳ ವಿಷಯವನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದರೂ, ನಮ್ಮ ತಪ್ಪನ್ನು ನಾವೇ ಬರೆಯುವುದು ಸುಲಭವಲ್ಲವಾದ್ದರಿಂದ ಮುಂದೂಡುತ್ತಲೇ ಬಂದೆ.

2020ರ ಮಾರ್ಚ್ 22, ತಪಸ್ಸುಕಾಲದ ಒಂದು ಭಾನುವಾರ. ಅಂದು ದೇಶದಾದ್ಯಂತ ಜನತಾ ಕರ್ಫ್ಯೂ. ನನಗೆ ತಿಳುವಳಿಕೆ ಬಂದ ಮೇಲೆ ಭಾನುವಾರದ ಬಲಿಪೂಜೆಯಿಲ್ಲದೆ ಪಿರಿಯಾಪಟ್ಟಣದಲ್ಲಿ ಕಳೆದ ಮೊದಲ ಭಾನುವಾರ ಅದು. ಒಂದು ದಿನದ ಮಾತು ತಾನೇ ಎಂದುಕೊಂಡೆವು. ಮೂರನೆಯ ದಿನಕ್ಕೆ ಲಾಕ್‌ಡೌನ್ ಎಂಬ ಹೊಸ ಪದ ನಮ್ಮ ಮನೆಮಾತಾಯಿತು. ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಹರಡಿದ ಸುದ್ದಿಯಿಂದ ಇಡೀ ಮೈಸೂರು ಜಿಲ್ಲೆ ತಲ್ಲಣಿಸಿತು. ಏಪ್ರಿಲ್ 5ರ ಗರಿಗಳ ಭಾನುವಾರ, 10ರ ಶುಭ ಶುಕ್ರವಾರ, 12ರ ಪಾಸ್ಖ ಹಬ್ಬ, ಎಲ್ಲವೂ ಮುಚ್ಚಿದ ಬಾಗಿಲುಗಳ ಹಿಂದೆಯೇ ಕಳೆದವು. ಪವಿತ್ರ ಗುರುವಾರದಂದು ಪಾದ ತೊಳೆಯುವ ವಿಧಿಯನ್ನು ಆ ವರ್ಷ ಕೈಬಿಡಬೇಕೆಂದು ರೋಮಿನಿಂದಲೇ ಆದೇಶ ಬಂದಿತ್ತು.

ಮಾರ್ಚ್ 27ರ ಸಂಜೆಯನ್ನು ನಿಮ್ಮಲ್ಲಿ ಅನೇಕರು ಮರೆತಿರಲಾರಿರಿ. ಜನರಿಂದ ತುಂಬಿ ತುಳುಕಬೇಕಾದ ಸಂತ ಪೇತ್ರರ ಚೌಕ ಬರಿದಾಗಿತ್ತು, ಮಳೆ ಸುರಿಯುತ್ತಿತ್ತು, 2025ರಲ್ಲಿ ನಮ್ಮನ್ನಗಲಿದ ಪೋಪ್ ಫ್ರಾನ್ಸಿಸರು ಒಬ್ಬರೇ ನಿಧಾನವಾಗಿ ಮೆಟ್ಟಿಲೇರಿ ಲೋಕಕ್ಕಾಗಿ ಪ್ರಾರ್ಥಿಸಿದರು. ಅಲ್ಲಿ ನಿಲ್ಲಿಸಿದ್ದ ಶಿಲುಬೆ, 1522ರ ಪ್ಲೇಗಿನ ಕಾಲದಲ್ಲಿ ರೋಮಿನ ಬೀದಿಗಳಲ್ಲಿ ಜನ ಹೊತ್ತು ಮೆರವಣಿಗೆ ಮಾಡಿದ ಶಿಲುಬೆ. ಆ ದೃಶ್ಯವನ್ನು ನಾನು ಮಗನ ಮೊಬೈಲಿನಲ್ಲಿ ನೋಡಿದೆ. ಅಂಗೈಯಗಲದ ಆ ಗಾಜಿನ ಮುಂದೆ ನಮ್ಮ ಮನೆಯವರೆಲ್ಲ ಮೊಣಕಾಲೂರಿದೆವು. ಪರದೆಯ ಮೂಲಕವೂ ಪ್ರಾರ್ಥನೆ ಸಾಧ್ಯ ಎಂಬುದನ್ನು ಅಂದು ಒಪ್ಪಿಕೊಂಡೆ.

ಒಪ್ಪಿಕೊಂಡ ಮೇಲೆ ಉತ್ಸಾಹವೂ ಬಂತು. ನಿವೃತ್ತ ಉಪಾಧ್ಯಾಯ, ಬಲಿಪೂಜೆಯಲ್ಲಿ ವಾಚನ ಓದುವವನು, ಎಲ್ಲರ ಮನೆ ಬಲ್ಲವನು ಎಂಬ ಕಾರಣಕ್ಕೆ ನಮ್ಮ ಧರ್ಮಗುರುಗಳು ಕುಟುಂಬಗಳ ದೂರವಾಣಿ ಪಟ್ಟಿ ಮಾಡುವ ಕೆಲಸವನ್ನು ನನಗೆ ವಹಿಸಿದರು. ಬೆಂಗಳೂರಿನಲ್ಲಿ ಕೆಲಸ ನಿಂತು ಊರಿಗೆ ಮರಳಿದ್ದ ನಾಲ್ಕಾರು ಯುವಕರು ವಾಟ್ಸಾಪ್ ಗುಂಪೊಂದನ್ನು ರಚಿಸಿದರು. ಪೀಠದೆದುರು ಒಂದು ಸ್ಟೂಲು, ಅದರ ಮೇಲೆ ಪುಸ್ತಕಗಳ ಅಡ್ಡೆ, ಅದರ ಮೇಲೆ ಮೊಬೈಲು. ಸ್ವಾಮಿಯವರು ಖಾಲಿ ಬೆಂಚುಗಳ ಮುಂದೆ ಬಲಿಪೂಜೆ ಅರ್ಪಿಸಿದರೆ, ನಾವು ನಮ್ಮ ನಮ್ಮ ಮನೆಗಳಲ್ಲಿ ದೀಪ ಹಚ್ಚಿ ಕುಳಿತು, ಪರಮಪ್ರಸಾದವನ್ನು ಹೃದಯದಲ್ಲಿ ಸ್ವೀಕರಿಸುವ ಪ್ರಾರ್ಥನೆಯನ್ನು ಹೇಳುತ್ತಿದ್ದೆವು.

ಇದರಿಂದ ಆದ ಒಳಿತನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಮದುವೆಯಾಗಿ ದೂರದ ಊರು ಸೇರಿದ್ದ ಹೆಣ್ಣುಮಕ್ಕಳು ಎಷ್ಟೋ ವರ್ಷಗಳ ಮೇಲೆ ತವರಿನ ಚರ್ಚಿನ ಬಲಿಪೂಜೆಯಲ್ಲಿ ಭಾಗಿಗಳಾದರು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದ ನಮ್ಮ ಊರಿನ ಹುಡುಗಿ, ರಾತ್ರಿ ಪಾಳಿ ಮುಗಿಸಿ ಬಂದು, ತನ್ನ ಕೋಣೆಯಲ್ಲಿ ಒಬ್ಬಳೇ ಕುಳಿತು ನಮ್ಮೊಡನೆ ಜಪಸರ ಹೇಳುತ್ತಿದ್ದಳು. ಗುಂಪಿನಲ್ಲಿ ಅವಳ ಹೆಸರು ಕಾಣಿಸಿದೊಡನೆ ಅವಳ ತಾಯಿಗೆ ಮಗಳು ಕ್ಷೇಮವಾಗಿದ್ದಾಳೆಂಬ ಸಮಾಧಾನ. ನಾನು ಪ್ರತಿ ಭಾನುವಾರ ಎಷ್ಟು ಮನೆಗಳವರು ಸೇರಿದರೆಂದು ಎಣಿಸಿ ಸ್ವಾಮಿಯವರಿಗೆ ಹೇಳುತ್ತಿದ್ದೆ. “ಎಲ್ಲರೂ ಬಂದಿದ್ದರು ಫಾದರ್” ಎಂದು ಹೇಳಿದ್ದೂ ಉಂಟು.

ಎಲ್ಲರೂ ಎಂದರೆ ಸಂಖ್ಯೆ ಇದ್ದವರೆಲ್ಲರೂ. ಗೆರೆ ಎಳೆದ ಆ ಒಂಬತ್ತು ಮನೆಗಳು ನನ್ನ ಎಣಿಕೆಗೇ ಬರುತ್ತಿರಲಿಲ್ಲ. ಅವರನ್ನು ಮರೆತಿದ್ದೆ ಎನ್ನುವುದೂ ಪೂರ್ಣ ಸತ್ಯವಲ್ಲ. ಪಟ್ಟಿ ಮಾಡುವಾಗ ಅವರ ಹೆಸರು ಬರೆದಿದ್ದೆ, ಫೋನಿಲ್ಲವೆಂದು ತಿಳಿದಿದ್ದೆ, ಗೆರೆ ಎಳೆದು ಮುಂದಿನ ಹೆಸರಿಗೆ ಹೋಗಿದ್ದೆ. ಅಷ್ಟಕ್ಕೆ ನನ್ನ ಕೆಲಸ ಮುಗಿದಿತ್ತು.

ಮೇ ತಿಂಗಳ ಮೊದಲ ವಾರ ನಿರ್ಬಂಧಗಳು ತುಸು ಸಡಿಲವಾದವು. ನಮ್ಮ ಕಡೆ ಅದು ಹೊಗೆಸೊಪ್ಪಿನ ಸಸಿಗಳನ್ನು ಮಡಿಯಿಂದ ಕಿತ್ತು ಹೊಲಕ್ಕೆ ನೆಡುವ ಸಮಯ. ಅಂಥ ಒಂದು ಬೆಳಿಗ್ಗೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಪಟ್ಟಣದಿಂದ ತುಸು ದೂರದ ಹಳ್ಳಿಯೊಂದಕ್ಕೆ ಬೇರೆ ಕೆಲಸದ ಮೇಲೆ ಹೋದೆ. ಆ ಹಳ್ಳಿಯ ಕೊನೆಯ ಮನೆ, ನನ್ನ ಪಟ್ಟಿಯ ಒಂಬತ್ತು ಗೆರೆಗಳಲ್ಲಿ ಒಂದು. ಅಲ್ಲಿ ಒಬ್ಬರೇ ಇದ್ದ ಅಜ್ಜಿ ಹಿಂದೆ ಹೊಗೆಸೊಪ್ಪಿನ ಬ್ಯಾರನ್‌ಗಳಲ್ಲಿ ಕೂಲಿ ಮಾಡಿದವರು. ಚರ್ಚಿನಲ್ಲಿ ಹಿಂದಿನ ಕಂಬಕ್ಕೊರಗಿ ನೆಲದ ಮೇಲೆ ಕೂರುತ್ತಿದ್ದರು. ಬಾಗಿಲ ಬಳಿ ನಿಂತು “ಅಜ್ಜಿ, ಹೇಗಿದ್ದೀರಿ?” ಎಂದೆ.

“ಬನ್ನಿ ಮೇಷ್ಟ್ರೇ, ಅಲ್ಲೇ ಜಗಲಿ ಮ್ಯಾಲೆ ಕೂತ್ಕೊಳಿ. ನನ್ ಬುಡಿ, ಅಲ್ಲಿ ಎಲ್ರೂ ಚೆನ್ನಾಗವ್ರಾ?” ಎಂದರು. ಎಲ್ಲರೂ ಚೆನ್ನಾಗಿದ್ದಾರೆ ಎಂದೆ. ಅಜ್ಜಿಗೆ ಆ ಉತ್ತರ ಸಾಲಲಿಲ್ಲ. ಒಬ್ಬೊಬ್ಬರನ್ನೇ ಕೇಳತೊಡಗಿದರು. ಮೊದಲ ಬೆಂಚಿನಲ್ಲಿ ಕೂರುವ ಕನ್ನಡಕದ ತಾಯಿ, ಅವರ ಪಕ್ಕದ ಬಸುರಿ ಸೊಸೆ, ಎರಡನೆಯ ಬೆಂಚಿನ ಸಕ್ಕರೆ ಕಾಯಿಲೆಯ ಯಜಮಾನರು, ಹಾರ್ಮೋನಿಯಂ ನುಡಿಸುವ ಹುಡುಗ, ಕಿಟಕಿಯ ಬಳಿ ಕೂತು ನಿದ್ದೆ ಮಾಡುವ ಮಗು. ಹೀಗೆ ಸಾಲು ಸಾಲಾಗಿ, ಒಂದು ಜಾಗವನ್ನೂ ಬಿಡದೆ, ಪೀಠದಿಂದ ಹಿಡಿದು ಬಾಗಿಲವರೆಗೆ ಕೇಳಿದರು. ಕೆಲವರ ಹೆಸರು ಅವರಿಗೆ ಗೊತ್ತಿರಲಿಲ್ಲ, ಜಾಗ ಗೊತ್ತಿತ್ತು.

ಇಷ್ಟೊಂದು ಜನರನ್ನು ಹೇಗೆ ನೆನಪಿಟ್ಟುಕೊಂಡಿರಿ ಎಂದು ಕೇಳಿದೆ. ಅಜ್ಜಿ ನಕ್ಕರು. “ಹಿಂದ್ಗಡೆ ಕೂತವ್ರಿಗೆ ಎಲ್ರೂ ಕಾಣ್ತಾರೆ ಮೇಷ್ಟ್ರೇ. ಭಾನ್ವಾರ ಪಕ್ಕದ್ ಮನೆ ಹುಡ್ಗನ್ನ ಟೈಮು ಕೇಳ್ಕಂಡು, ದೇವ್ರ ಪಟದ ಮುಂದೆ ಬತ್ತಿ ಹಚ್ಚಿ ಕೂರ್ತೀನಿ. ಪೂಜೆ ಮಾತು ನಂಗೆ ಬರಾಕಿಲ್ಲ. ಅದ್ಕೆ ಯಾರ್ ಯಾರ್ ಎಲ್ಲೆಲ್ಲಿ ಕೂರ್ತಿದ್ರು ಅಂತ ಜ್ಞಾಪಿಸ್ಕಂಡು, ಒಬ್ಬೊಬ್ರಿಗೂ ಒಂದೊಂದು ನಮೋ ಮರಿಯ. ನೀವು ಓದಾಕೆ ಎದ್ದು ಹೋಯ್ತೀರಲ್ಲ, ನಿಮ್ಗೂ ಒಂದು.”

ಅಂದಿಗೆ ಏಳು ಭಾನುವಾರಗಳಾಗಿದ್ದವು. ಏಳು ಭಾನುವಾರಗಳೂ ಅಜ್ಜಿಯ ಪಟ್ಟಿಯಲ್ಲಿ ನಾನಿದ್ದೆ. ನನ್ನ ಪಟ್ಟಿಯಲ್ಲಿ ಅವರಿದ್ದ ಕಡೆ ಒಂದು ಗೆರೆಯಿತ್ತು. ಜಗಲಿಯ ಮೇಲೆ ಕುಳಿತಿದ್ದ ನನಗೆ ಮಾತು ಹೊರಡಲಿಲ್ಲ. ಮನೆಯಲ್ಲಿ ಅಕ್ಕಿಯಿದೆಯೇ ಎಂದು ಕೇಳಲು ಕೂಡ ನನಗೆ ಆಗ ತೋಚಿದ್ದು ಬಹಳ ಹೊತ್ತಿನ ಮೇಲೆ. ಅಕ್ಕಿಯನ್ನು ಪಕ್ಕದ ಮನೆಯವರು ತಂದುಕೊಡುತ್ತಿದ್ದರು. ಅವರು ನಮ್ಮ ಸಭೆಯವರಲ್ಲ, ನೆರೆಯವರು, ಅಷ್ಟೆ.

ಮನೆಗೆ ಬಂದವನು ನೋಟು ಪುಸ್ತಕದ ಕೊನೆಯ ಪುಟ ತೆರೆದು, ಅಜ್ಜಿ ಹೇಳಿದ ಕ್ರಮವನ್ನೇ ನೆನಪು ಮಾಡಿಕೊಂಡು ಬರೆದೆ. ಮರುದಿನ ಸ್ವಾಮಿಯವರ ಮುಂದೆ ಎರಡು ಪಟ್ಟಿಗಳನ್ನೂ ಇಟ್ಟೆ. ಅವರು ಬಹಳ ಹೊತ್ತು ನೋಡಿ, “ಈ ವರ್ಷ ನಾವು ಯಾರ ಪಾದವನ್ನೂ ತೊಳೆಯಲಿಲ್ಲ, ಮೇಷ್ಟ್ರೇ. ಇನ್ನೂ ಸಮಯವಿದೆ” ಎಂದಷ್ಟೇ ಹೇಳಿದರು. ಆ ವಾರದಿಂದ ಫೋನಿಲ್ಲದ ಒಂದೊಂದು ಮನೆಗೂ ಹತ್ತಿರದ, ಫೋನಿರುವ ಒಂದು ಮನೆ ಹೊಣೆಯಾಯಿತು. ಧರ್ಮೋಪದೇಶದ ತರಗತಿಯ ಮಕ್ಕಳು ಭಾನುವಾರದ ಶುಭಸಂದೇಶವನ್ನು ದೊಡ್ಡ ಅಕ್ಷರಗಳಲ್ಲಿ ನಕಲು ಮಾಡಿ, ಕೆಳಗೆ ತಮ್ಮದೊಂದು ಸಾಲು ಸೇರಿಸಿ ಕಳುಹಿಸತೊಡಗಿದರು. ಓದು ಬಾರದವರಿಗೆ ಹೊಸ್ತಿಲಾಚೆ ನಿಂತು ಓದಿ ಹೇಳಬೇಕು. ಔಷಧ ಮುಗಿದಿದೆಯೇ ಎಂದು ಕೇಳಬೇಕು. ಕೆಲಸ ಚಿಕ್ಕದು, ಏಳು ವಾರ ತಡವಾಗಿ ಆರಂಭವಾಯಿತು ಎಂಬುದೇ ನನ್ನ ಸಂಕಟ.

ಸಂತ ಪೌಲರು ರೋಮನರಿಗೆ ಬರೆದ ಪತ್ರದ ಹದಿನಾರನೆಯ ಅಧ್ಯಾಯವನ್ನು ನಾನು ಹಿಂದೆಲ್ಲ ಅವಸರದಿಂದ ಓದಿ ಮುಗಿಸುತ್ತಿದ್ದೆ. ಅದರಲ್ಲಿ ಹೆಚ್ಚಿನದು ಹೆಸರುಗಳೇ. ಫೊಯಿಬೆ, ಪ್ರಿಸ್ಕ, ಅಕ್ವಿಲ, ರೂಫ, ರೂಫನ ತಾಯಿ. ಇಷ್ಟು ದೊಡ್ಡ ಬೋಧನೆಯ ಕೊನೆಗೆ ಇಷ್ಟೊಂದು ವಂದನೆಗಳೇಕೆ ಎನಿಸುತ್ತಿತ್ತು. ಪೌಲರು ಆಗಿನ್ನೂ ರೋಮಿಗೆ ಹೋಗಿರಲಿಲ್ಲ. ಸಮುದ್ರದಾಚೆಯ ಸಭೆಯನ್ನು ಅವರು ಒಬ್ಬೊಬ್ಬರನ್ನಾಗಿ ನೆನೆದರು. ಅಜ್ಜಿ ಆ ಅಧ್ಯಾಯವನ್ನು ಓದಿದವರಲ್ಲ. ಆದರೆ ಅದರ ಅರ್ಥ ನನಗಾದದ್ದು ಅವರ ಜಗಲಿಯ ಮೇಲೆ.

ನಮ್ಮ ಮೈಸೂರು ಸೀಮೆಗೂ ಇಂಥ ನೆನಪೊಂದಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಬಂದ ಫ್ರೆಂಚ್ ಧರ್ಮಗುರು ಅಬ್ಬೆ ದುಬೊಯಿಸ್, ಸಿಡುಬು ಹಬ್ಬಿದ ಕಾಲದಲ್ಲಿ ಊರೂರು ಸುತ್ತಿ ಲಸಿಕೆ ಹಾಕಿಸಿದರು. 1803-04ರ ಅವಧಿಯಲ್ಲಿ ಲಸಿಕೆ ಪಡೆದವರು 25 ಸಾವಿರಕ್ಕೂ ಹೆಚ್ಚು ಮಂದಿ. ಸಭೆಯನ್ನು ಕೂಡಿಸುವುದೂ ಜನರ ಜೀವ ಉಳಿಸುವುದೂ ಅವರಿಗೆ ಒಂದೇ ಕೆಲಸವಾಗಿತ್ತೆಂದು ತೋರುತ್ತದೆ. 2021ರಲ್ಲಿ ಲಸಿಕೆಗೆ ಹೆದರುತ್ತಿದ್ದ ನಮ್ಮ ಹಿರಿಯರಿಗೆ ನಾನು ಈ ಸಂಗತಿಯನ್ನು ಎಷ್ಟೋ ಬಾರಿ ಹೇಳಿದ್ದೇನೆ. ಅಜ್ಜಿಯ ಜೊತೆ ಆಸ್ಪತ್ರೆಗೆ ಹೋದದ್ದೂ ಅವರ ಹೊಣೆ ಹೊತ್ತ ಮನೆಯ ಮಗಳೇ.

ಆ ದಿನಗಳಲ್ಲಿ ಬಾಗಿಲು ಮುಚ್ಚಿದ್ದು ನಮ್ಮದೊಂದೇ ಅಲ್ಲ. ನಮ್ಮ ತಾಲ್ಲೂಕಿನ ಬೈಲಕುಪ್ಪೆಯ ಬೌದ್ಧ ವಿಹಾರಗಳು ಸಂದರ್ಶಕರಿಗೆ ಮುಚ್ಚಿದ್ದವು. ಮುಸಲ್ಮಾನ ಸಹೋದರರು 2020ರ ರಂಜಾನ್ ತಿಂಗಳಲ್ಲಿ ಮನೆಗಳಲ್ಲೇ ನಮಾಜು ಮಾಡಿದರು. ಊರ ದೇವತೆಗಳ ಜಾತ್ರೆಗಳು ನಿಂತವು. 2019ರಲ್ಲಿ ಬಸಿಲಿಕ ಪದವಿಗೇರಿದ ಡೋರ್ನಹಳ್ಳಿಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರಕ್ಕೆ ಜೂನ್ 13ರ ಹಬ್ಬದಂದು ಜಾತಿಮತಗಳ ಭೇದವಿಲ್ಲದೆ ಜನ ಬರುವುದನ್ನು ನೀವೆಲ್ಲ ಕಂಡಿದ್ದೀರಿ. 2021ರ ಆ ದಿನ ಜಿಲ್ಲೆಯಿಡೀ ಲಾಕ್‌ಡೌನಿನಲ್ಲಿತ್ತು.

ಆ ಹಬ್ಬವನ್ನು ಕಾಣಲು ಅಜ್ಜಿ ಇರಲಿಲ್ಲ. ಎರಡನೆಯ ಅಲೆಯ ನಡುವೆ, ಮೇ ತಿಂಗಳ ಕೊನೆಯಲ್ಲಿ, ಸೋಂಕಿನಿಂದಲ್ಲ, ವಯಸ್ಸಾಗಿ, ನಿದ್ದೆಯಲ್ಲೇ ತೀರಿಕೊಂಡರು. ಶವಸಂಸ್ಕಾರಕ್ಕೆ ಐದು ಜನರಿಗಿಂತ ಹೆಚ್ಚು ಸೇರುವಂತಿರಲಿಲ್ಲ. ಸ್ವಾಮಿಯವರು, ಪಕ್ಕದ ಮನೆಯ ತಂದೆ ಮಗ, ಗುಂಡಿ ತೋಡಿದ ಇಬ್ಬರು ಯುವಕರು, ಇಷ್ಟೇ ಮಂದಿ. ನಾನು ಹೋಗಲಾಗಲಿಲ್ಲ. ಹಿಂದಿನ ರಾತ್ರಿ ಪ್ರತಿ ಮನೆಗೂ ಸುದ್ದಿ ಕಳುಹಿಸಿದೆವು. ಫೋನಿಲ್ಲದ ಮನೆಗಳಿಗೆ ಮೊದಲು. ಬೆಳಿಗ್ಗೆ ಹತ್ತಕ್ಕೆ ಚರ್ಚಿನ ಗಂಟೆ ನಿಧಾನವಾಗಿ ಬಾರಿಸಿತು. ಮನೆಮನೆಯಲ್ಲಿ ಮೇಣದ ಬತ್ತಿ ಹಚ್ಚಿ, ಅಜ್ಜಿಗಾಗಿ ಒಂದು ನಮೋ ಮರಿಯ ಹೇಳಿದೆವು. ನಾನು ನೋಟು ಪುಸ್ತಕದ ಕೊನೆಯ ಪುಟ ತೆರೆದು, ಅವರ ಕ್ರಮದಲ್ಲೇ, ಮೊದಲ ಬೆಂಚಿನಿಂದ ಆರಂಭಿಸಿ ಎಲ್ಲರನ್ನೂ ನೆನೆದೆ. ಕೊನೆಗೆ ಹಿಂದಿನ ಕಂಬದ ಬಳಿ ಬಂದಾಗ ಕಣ್ಣು ಮಂಜಾಯಿತು. ಆ ಪಟ್ಟಿಯಲ್ಲಿ ಅಜ್ಜಿ ತಮ್ಮನ್ನು ಸೇರಿಸಿಕೊಂಡಿರಲಿಲ್ಲ. ಆ ಹೆಸರನ್ನು ಅಂದು ನಾನು ಬರೆದೆ.

ಈಗ ಚರ್ಚಿನ ಬಾಗಿಲುಗಳು ತೆರೆದಿವೆ. ಹಬ್ಬಗಳಲ್ಲಿ ಬೆಂಚುಗಳು ಸಾಲುವುದಿಲ್ಲ. ಆದರೆ ಪ್ರಿಯ ಓದುಗರೇ, ಒಂದು ಮಾತನ್ನು ನನ್ನನ್ನೂ ಸೇರಿಸಿಕೊಂಡು ಕೇಳುತ್ತೇನೆ. ಸಾಂಕ್ರಾಮಿಕಕ್ಕೆ ಮೊದಲೇ ಎಷ್ಟೋ ಭಾನುವಾರ ಎಷ್ಟೋ ಜನ ಬಂದಿರಲಿಲ್ಲ. ಕಾಲು ನೋವೆಂದು, ಬಸ್ಸಿಲ್ಲವೆಂದು, ಉಡಲು ಒಳ್ಳೆಯ ಸೀರೆಯಿಲ್ಲವೆಂದು, ಯಾರದೋ ಮಾತಿಗೆ ಮನಸ್ಸು ನೊಂದಿತೆಂದು. ಅವರ ಜಾಗ ಬರಿದಾಗಿದ್ದುದು ನಮ್ಮ ಕಣ್ಣಿಗೆ ಬಿದ್ದಿತ್ತೇ? ರೋಗ ನಮ್ಮನ್ನು ದೂರ ಮಾಡಿತೆಂದು ದೂರುತ್ತೇವೆ. ನಾನು ಅಜ್ಜಿಯಿಂದ ದೂರವಾದದ್ದು ಅದಕ್ಕೂ ಬಹಳ ಮೊದಲು. ವರ್ಷಗಟ್ಟಲೆ ಒಂದೇ ಸೂರಿನಡಿ, ನಾಲ್ಕು ಬೆಂಚುಗಳ ಅಂತರದಲ್ಲಿ, ಅವರಿಗೆ ಬೆನ್ನು ಮಾಡಿ ಕುಳಿತಿದ್ದಾಗ.

ಇತ್ತೀಚೆಗೆ ನಾನು ಮುಂದಿನ ಬೆಂಚು ಬಿಟ್ಟು ಹಿಂದಿನ ಕಂಬದ ಬಳಿ ಕೂರುತ್ತೇನೆ. ವಾಚನಕ್ಕೆ ಎದ್ದು ಹೋಗಲು ದೂರವಾಗುತ್ತದೆ. ಆದರೂ ಅಲ್ಲಿಂದ ಎಲ್ಲರೂ ಕಾಣುತ್ತಾರೆ. ಕಳೆದ ಭಾನುವಾರ ಕಿಟಕಿಯ ಬಳಿಯ ಜಾಗ ಖಾಲಿಯಿತ್ತು. ಬಲಿಪೂಜೆ ಮುಗಿದ ಮೇಲೆ ಆ ಮನೆಯತ್ತ ಹೊರಟೆ.