ಒನಕೆ, ಲಡ್ಡು, ಮಾವಿನಹಣ್ಣು

1
ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ. ಸಂಜೆ. ಒಂದು ಮನೆಯ ಟಿ.ವಿ.ಯಲ್ಲಿ ಛೋಟಾ ಭೀಮ್. ಮಾತು ಹಿಂದಿ. ನೋಡುವ ಹುಡುಗಿಗೆ ಹಿಂದಿ ಬರುವುದಿಲ್ಲ. ನಗಬೇಕಾದ ಕಡೆ ತಪ್ಪದೆ ನಗುತ್ತಾಳೆ.

2
ಲಡ್ಡು ತಿಂದರೆ ಭೀಮನಿಗೆ ಬಲ ಬರುತ್ತದೆ. ಲಡ್ಡು ಕಟ್ಟುವವಳು ಟುನ್‌ಟುನ್ ಮೌಸಿ. ಆಗಾಗ ತಂದುಕೊಡುವವಳು ಚುಟ್ಕಿ. ಲಡ್ಡು ತಿಂದು ಮೌಸಿಗೆ ಬಲ ಬಂದ ಕಂತು ನನ್ನ ಕಣ್ಣಿಗೆ ಬಿದ್ದಿಲ್ಲ.

3
ಜೂನ್ 2020. ಭೀಮನಿಗೂ ರಾಜಕುಮಾರಿ ಇಂದುಮತಿಗೂ ಮದುವೆಯಾಯಿತಂತೆ ಎಂಬ ಸುದ್ದಿ ಹಬ್ಬಿತು. ಚುಟ್ಕಿಗೆ ನ್ಯಾಯ ಬೇಕು ಎಂದು ಟ್ವಿಟರ್‌ನಲ್ಲಿ ಗದ್ದಲ. ಕಾರ್ಟೂನ್ ತಯಾರಿಸುವ ಗ್ರೀನ್ ಗೋಲ್ಡ್ ಕಂಪನಿ ಹೇಳಿಕೆ ಕೊಟ್ಟಿತು: ಮೂವರೂ ಇನ್ನೂ ಮಕ್ಕಳು, ಯಾರಿಗೂ ಮದುವೆಯಾಗಿಲ್ಲ.
ಗದ್ದಲ ಮದುವೆಯದು. ಚುಟ್ಕಿಯ ಓದಿನದಲ್ಲ.

4
ಬೀದಿಯ ಆಟದಲ್ಲಿ ಭೀಮ ಆದವಳು ಒಬ್ಬ ಹುಡುಗಿ. ಅವಳ ತಮ್ಮ ಚುಟ್ಕಿ. ಅವನಿಗೆ ಮುನಿಸು. ಅವನಿಗೆ ಜಗ್ಗು ಕೋತಿ ಆಗಬೇಕಿತ್ತು. ಜಗ್ಗುವಾದರೆ ಮರ ಹತ್ತಬಹುದು.

5
ಚಿಂಟು ಟಿ.ವಿ. ಶುರುವಾದದ್ದು 2009ರಲ್ಲಿ. ಅದರಲ್ಲಿ ಡೋರಾ ಕನ್ನಡ ಮಾತಾಡಿದಳು. ಡೋರಾಗೆ ಏಳು ವರ್ಷ. ಬೆನ್ನಿಗೆ ಬ್ಯಾಗು, ಜೊತೆಗೆ ಕೋತಿ, ಕೈಗೆ ನಕ್ಷೆ. ನದಿ ದಾಟುತ್ತಾಳೆ, ಕಾಡು ದಾಟುತ್ತಾಳೆ. ಹೊರಡುವ ಮೊದಲು ಮನೆಯಲ್ಲಿ ಕೇಳುವುದು ಕಾಣುವುದಿಲ್ಲ.

6
ಆಗ ಡೋರಾ ನೋಡಿದವಳು ಈಗ ಕಾಲೇಜು ಮುಗಿಸಿದ್ದಾಳೆ. ಏನು ನೆನಪಿದೆ ಎಂದು ಕೇಳಿದೆ. ‘ಕೂದ್ಲು’ ಅಂದಳು. ಹಣೆ ಮುಚ್ಚುವ ಹಾಗೆ ಕತ್ತರಿಸಿಕೊಂಡು ಅಮ್ಮನ ಕೈಲಿ ಬೈಸಿಕೊಂಡಿದ್ದಳಂತೆ.
ನಕ್ಷೆ? ‘ಅದೊಂದು ಹಾಡ್ತಿತ್ತು ಅಲ್ವಾ.’

7
ಡೋರಾ ಚಿತ್ರದ ಬ್ಯಾಗು ಹಾಕಿಕೊಂಡ ಇನ್ನೊಬ್ಬಳು. ಮುಂದಿನ ವರ್ಷ ಹೈಸ್ಕೂಲು. ಬಸ್ಸಿನಲ್ಲಿ ಒಬ್ಬಳನ್ನೇ ಕಳಿಸುವುದೋ ಬೇಡವೋ ಎಂದು ಜಗಲಿಯ ಮೇಲೆ ಮಾತು ನಡೆದಿತ್ತು. ಬ್ಯಾಗು ಜಗಲಿಯ ಗೂಟಕ್ಕೇ ತೂಗುತ್ತಿತ್ತು.

8
ಅಮರ ಚಿತ್ರ ಕಥೆ ಮೊದಲು ಬಂದದ್ದು ಕನ್ನಡದಲ್ಲಿ, 1965ರಲ್ಲಿ. ಹಿಂದೆ ಇದ್ದವರು ಬೆಂಗಳೂರಿನ ಜಿ.ಕೆ. ಅನಂತರಾಂ. ಮೊದಲ ಹತ್ತು ಪುಸ್ತಕಗಳೂ ಹೊರದೇಶದ ಕಥೆಗಳು. ಇಂಗ್ಲಿಷಿನಲ್ಲಿ ಎಣಿಕೆ ಶುರುವಾಗುವುದು 11ರಿಂದ, ‘ಕೃಷ್ಣ’.
ಆ ಹತ್ತರಲ್ಲಿ ಸಿಂಡರೆಲ್ಲಾ ಒಲೆಯ ಬೂದಿ ಬಳಿಯುತ್ತಾಳೆ. ಸ್ನೋವೈಟ್ ಏಳು ಕುಳ್ಳರ ಮನೆ ನೋಡಿಕೊಳ್ಳುತ್ತಾಳೆ. ಕೆಂಪು ಟೋಪಿಯವಳು ಅಜ್ಜಿಗೆ ತಿಂಡಿ ಒಯ್ಯುತ್ತಾಳೆ. ಒಬ್ಬ ರಾಜಕುಮಾರಿ ನೂರು ವರ್ಷ ನಿದ್ದೆ ಮಾಡುತ್ತಾಳೆ.

9
ಕನ್ನಡದ ಮಕ್ಕಳಿಗೆಲ್ಲ ಗೊತ್ತಿರುವ ಇಬ್ಬರು: ಪುಣ್ಯಕೋಟಿ, ಭಾಗೀರಥಿ. ಒಂದು ಹಸು, ಒಬ್ಬಳು ಕಿರಿಸೊಸೆ. ಹಸು ಮಾತಿಗೆ ತಪ್ಪದೆ ಹುಲಿಯ ಬಳಿಗೆ ಮರಳುತ್ತದೆ, ಉಳಿಯುತ್ತದೆ. ಸೊಸೆ ಕೆರೆಗೆ ಹಾರವಾಗುತ್ತಾಳೆ, ಉಳಿಯುವುದಿಲ್ಲ.

10
‘ಕೆರೆಗೆ ಹಾರ’ದ ಪಾಠ ಮುಗಿದ ಮೇಲೆ ಒಬ್ಬಳ ಪ್ರಶ್ನೆ: ‘ಟೀಚರ್, ಆ ವರ್ಷ ಮಳೆ ಬಂದಿರಲಿಲ್ವಾ?’
ಈ ಸೀಮೆಯಲ್ಲಿ ಕೆರೆ ಬತ್ತುವುದನ್ನು ಮಕ್ಕಳು ನೋಡಿರುತ್ತಾರೆ.

11
ಚಿತ್ರದುರ್ಗದ ಓಬವ್ವ. ಗಂಡ ಕಹಳೆಯ ಮುದ್ದಹನುಮ, ಕೋಟೆಯ ಕಾವಲುಗಾರ. ಊಟಕ್ಕೆ ಮನೆಗೆ ಬಂದಿದ್ದ. ಕುಡಿಯಲು ನೀರಿರಲಿಲ್ಲ. ನೀರಿಗೆ ಹೋದವಳು ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದನ್ನು ಕಂಡಳು. ಉಣ್ಣುತ್ತಿದ್ದವನನ್ನು ಎಬ್ಬಿಸಲಿಲ್ಲ ಎನ್ನುತ್ತಾರೆ. ಒನಕೆ ಹಿಡಿದು ನಿಂತಳು.

12
ಶಾಲೆಯ ಛದ್ಮವೇಷ. ಓಬವ್ವ ಒಬ್ಬಳಲ್ಲ, ನಾಲ್ವರು. ಒನಕೆ ರಟ್ಟಿನ ಕೊಳವೆಯದು, ಮೇಲೆ ಕಂದು ಬಣ್ಣದ ಕಾಗದ. ಒನಕೆಯಲ್ಲಿ ಏನು ಮಾಡುತ್ತಾರೆ ಎಂದು ಕೇಳಿದೆ.
‘ಹೊಡೀತಾರೆ.’
ಕುಟ್ಟುವುದನ್ನು ನಾಲ್ವರೂ ನೋಡಿಲ್ಲ. ರಾಗಿ ಮಿಲ್ಲಿಗೆ ಹೋಗುತ್ತದೆ.

13
ಪುಟ್ಟಣ್ಣ ಕಣಗಾಲರ ‘ನಾಗರಹಾವು’, 1972. ಓಬವ್ವನಾಗಿ ಜಯಂತಿ, ಒಂದು ಹಾಡಿನ ಉದ್ದಕ್ಕೆ. ಉಳಿದ ಸಿನಿಮಾ ರಾಮಾಚಾರಿಯದು. ಮಗಳಿಗೆ ವೇಷ ಕಟ್ಟುವ ತಾಯಂದಿರು ಈಗಲೂ ಮೊಬೈಲಿನಲ್ಲಿ ಆ ಹಾಡು ತೆಗೆದು, ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ. ಕಚ್ಚೆ, ತುರುಬು, ಬೊಟ್ಟು.

14
ನಾಲ್ವರು ಓಬವ್ವರನ್ನೂ ಕೇಳಿದೆ: ಮುಂದೆ ಏನಾಗ್ತೀರಮ್ಮ?
ಪೊಲೀಸ್. ಟೀಚರ್. ಪೊಲೀಸ್. ನರ್ಸ್.
ಕಥೆಯಲ್ಲಿ ಕಾವಲಿನ ನೌಕರಿ ಇದ್ದದ್ದು ಗಂಡನಿಗೆ.

15
ಸರ್ಕಾರದ ವಸತಿಶಾಲೆಗಳಲ್ಲಿ ಹುಡುಗಿಯರಿಗೆ ಆತ್ಮರಕ್ಷಣೆಯ ತರಬೇತಿ ಇದೆ. ಅದಕ್ಕೆ ಓಬವ್ವನ ಹೆಸರು. ಕಲಿಸುವುದು ಕರಾಟೆ ಥರದ ಪಟ್ಟುಗಳು. ಒನಕೆ ಇಲ್ಲ.

16
ಕೋಟೆಯ ಒನಕೆ ಕಿಂಡಿ. ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳು. ಹುಡುಗರು ಕಿಂಡಿಯಿಂದ ನುಸುಳಿ ಬರುತ್ತಾರೆ, ಹುಡುಗಿಯರು ಈಚೆ ನಿಂತು ಕಾಯುತ್ತಾರೆ. ಯಾರೂ ಹೇಳಿಕೊಟ್ಟಂತೆ ಕಾಣಲಿಲ್ಲ. ಒಬ್ಬಳು ಮಾತ್ರ ಆಚೆ ಹೋಗಿ ಸೈನಿಕರ ಜೊತೆ ನುಸುಳಿ ಬಂದಳು. ಅವಳಿಗೂ ಏಟು ಬಿತ್ತು.

17
ಯುನಿಸೆಫ್‌ನ ಕಾರ್ಟೂನ್ ಹುಡುಗಿ ಮೀನಾ. ಮೊದಲ ಚಿತ್ರ 1990ರ ದಶಕದ್ದು. ಮನೆಯವರು ಶಾಲೆಗೆ ಕಳಿಸದ ಮೀನಾ ತನ್ನ ಗಿಣಿ ಮಿಠೂವನ್ನು ಶಾಲೆಯ ಕಿಟಕಿಗೆ ಕಳಿಸುತ್ತಾಳೆ. ಗಿಣಿ ಎಣಿಕೆ ಕಲಿತು ಬಂದು ಅವಳಿಗೆ ಕಲಿಸುತ್ತದೆ. ಅವಳು ಕೋಳಿ ಎಣಿಸುತ್ತಾಳೆ. ಒಂದು ಕಡಿಮೆ. ಕಳ್ಳ ಸಿಗುತ್ತಾನೆ. ಆಮೇಲೆ ಅಪ್ಪ ಶಾಲೆಗೆ ಕಳಿಸಲು ಒಪ್ಪುತ್ತಾನೆ.
ಕೋಳಿ ಕಳುವಾಗದಿದ್ದರೆ?

18
ಇನ್ನೊಂದು ಕಂತಿನಲ್ಲಿ ಮಾವಿನಹಣ್ಣಿನ ಪಾಲು. ತಮ್ಮ ರಾಜುಗೆ ದೊಡ್ಡದು, ಮೀನಾಗೆ ಚಿಕ್ಕದು. ಇಬ್ಬರೂ ಒಂದು ದಿನ ಕೆಲಸ ಅದಲುಬದಲು ಮಾಡುತ್ತಾರೆ. ಸಂಜೆಗೆ ರಾಜು ಸುಸ್ತು.
ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಅವಳ ಹೆಸರಿನ ‘ಮೀನಾ ತಂಡ’ಗಳಾದವು. ಶಾಲೆ ಬಿಟ್ಟ ಹುಡುಗಿಯರ ಮನೆಗೆ ತಂಡದ ಹುಡುಗಿಯರು ಹೋಗಬೇಕು. ಕಾರ್ಟೂನ್ ನೋಡದೆಯೇ ಮೀನಾ ಆದವರು ಹಲವರು.

19
2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಮೆರಿಕದ ಒಂದು ಅಧ್ಯಯನ. ಮಕ್ಕಳಿಗೆ ತುಂಬಾ ಬುದ್ಧಿವಂತರೊಬ್ಬರ ಕಥೆ ಹೇಳಿ, ಅದು ಯಾರಿರಬಹುದು, ಚಿತ್ರ ತೋರಿಸು ಎಂದು ಕೇಳಿದರು. ಐದರ ಹುಡುಗಿಯರು ಹೆಂಗಸಿನ ಚಿತ್ರ ತೋರಿಸಿದಷ್ಟು ಆರರ, ಏಳರ ಹುಡುಗಿಯರು ತೋರಿಸಲಿಲ್ಲ.
ನಮ್ಮಲ್ಲಿ ಆರು ಎಂದರೆ ಒಂದನೇ ಕ್ಲಾಸು.

20
ಪಾತ್ರ ನೋಡಿ ಆಸೆ ಹುಟ್ಟುವುದಕ್ಕೆ ವಯಸ್ಸಿಲ್ಲ. ತ್ರಿವೇಣಿಯವರ ‘ಕಾಶೀಯಾತ್ರೆ’ ‘ಕರ್ಮವೀರ’ದಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಕಥೆಯ ಮುದುಕಿಗೆ ಕಾಶಿಗೆ ಹೋಗುವಾಸೆ. ಓದಲು ಬಾರದ ಸುಧಾ ಮೂರ್ತಿಯವರ ಅಜ್ಜಿಗೆ ಮೊಮ್ಮಗಳೇ ಅದನ್ನು ಓದಿ ಹೇಳಬೇಕಿತ್ತು. ಮೊಮ್ಮಗಳು ಊರಿಗೆ ಹೋದ ವಾರ ಕಥೆ ನಿಂತಿತು. ಅಜ್ಜಿ ಅಕ್ಷರ ಕಲಿಯಲು ಕೂತರು. ಕಾಶಿಗಲ್ಲ, ಮುಂದಿನ ಕಂತಿಗೆ.

21
ಹಿರಿಯೂರು ತಾಲ್ಲೂಕಿನ ಅಣೆಕಟ್ಟು ವಾಣಿವಿಲಾಸ ಸಾಗರ. ಕೆಲಸ ಶುರುವಾದಾಗ ಮೈಸೂರನ್ನು ಆಳುತ್ತಿದ್ದವರು ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ, 1895ರಿಂದ 1902ರ ತನಕ. ವಾಣಿವಿಲಾಸ ಎಂಬುದು ಅವರದೇ ಬಿರುದಿನ ಹೆಸರು. ಡ್ಯಾಮು ಕಟ್ಟಿಸಿದ್ದು ಯಾರು ಎಂದು ಹುಡುಗಿಯರನ್ನು ಕೇಳಿದೆ.
‘ಮಹಾರಾಜ್ರು.’
ಛದ್ಮವೇಷದಲ್ಲಿ ಕೆಂಪನಂಜಮ್ಮಣ್ಣಿ ಇರಲಿಲ್ಲ. ಕೈಗೆ ಏನು ಕೊಡುವುದು ಎಂಬ ಪ್ರಶ್ನೆಯೂ ಇದೆ.

22
ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆ, 495 ಹಳ್ಳಿ, 2012ರಲ್ಲಿ ಪ್ರಕಟವಾದ ಅಧ್ಯಯನ. ಮೀಸಲಾತಿಯಿಂದ ಎರಡು ಅವಧಿಗೆ ಪಂಚಾಯಿತಿಗೆ ಮಹಿಳಾ ಪ್ರಧಾನರಿದ್ದ ಹಳ್ಳಿಗಳಲ್ಲಿ ಹುಡುಗ ಹುಡುಗಿಯರ ಆಸೆಗಳ ನಡುವಿನ ಅಂತರ ತಗ್ಗಿತ್ತು. ಓದಿನಲ್ಲಿ ಅಂತರವೇ ಅಳಿಸಿತ್ತು. ಹುಡುಗಿಯರು ಮನೆಗೆಲಸಕ್ಕೆ ಕೊಡುವ ಹೊತ್ತೂ ಕಡಿಮೆಯಾಗಿತ್ತು. ಪ್ರಧಾನರು ಯಾವ ಕಥೆಯ ಪಾತ್ರವೂ ಅಲ್ಲ. ಬೀದಿಯಲ್ಲಿ ದಿನಾ ಕಾಣುವವರು.

23
ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಪಂಚಾಯಿತಿ ಅಧ್ಯಕ್ಷೆ ನಾಯಕಿಯಾಗಿರುವ ಮಕ್ಕಳ ಕಾರ್ಟೂನ್ ನಾನು ಇನ್ನೂ ನೋಡಿಲ್ಲ.