ಒಂಟಿ ನೀರಿನ ಜೊತೆ ತಾಮ್ರ

ಮಲೆನಾಡಿನ ಅಡಿಕೆ ತೋಟದವರಿಗೆ ಮೈಲುತುತ್ತವಿಲ್ಲದೆ ಮಳೆಗಾಲ ಕಳೆಯುವುದಿಲ್ಲ. ಸುಣ್ಣದ ಜೊತೆ ಬೆರೆಸಿ ಬೋರ್ಡೋ ದ್ರಾವಣ ಮಾಡಿ, ಕೊಳೆರೋಗ ಬಾರದಂತೆ ಗೊನೆಗಳಿಗೆ ಹೊಡೆಯುತ್ತಾರೆ. ಮೈಲುತುತ್ತದ ಚೆಂದದ ನೀಲಿ ಹುಟ್ಟುವುದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ತಾಮ್ರ ಮತ್ತು ಅದನ್ನು ಸುತ್ತುವರಿದ ನೀರಿನ ಅಣುಗಳಿಂದ. ಹರಳನ್ನು ಕಾಯಿಸಿ ನೀರು ಹೊರಡಿಸಿದರೆ ನೀಲಿಯೂ ಹೋಗಿ ಬಿಳಿ ಪುಡಿ ಉಳಿಯುತ್ತದೆ.

ಸುತ್ತಲಿನ ನೀರನ್ನೆಲ್ಲ ತೆಗೆದು, ನಿರ್ವಾತದಲ್ಲಿ ಒಂದು ತಾಮ್ರದ ಅಯಾನಿಗೆ ಒಂದೇ ನೀರಿನ ಅಣುವನ್ನು ಜೊತೆಮಾಡಿದರೆ ಎರಡೂ ಬಾಳಿಯಾವೇ? ಈ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಹಿಡಿದಿಟ್ಟಿದೆ. ಲೆಕ್ಕ ಮೊದಲ ನೋಟಕ್ಕೆ ನಿರಾಶೆಯದು. ತಾಮ್ರದಿಂದ ಎರಡನೆಯ ಎಲೆಕ್ಟ್ರಾನ್ ಕೀಳಲು 20.3 ಎಲೆಕ್ಟ್ರಾನ್ ವೋಲ್ಟ್ ಬೇಕು. ನೀರಿನಿಂದ ಒಂದನ್ನು ಕೀಳಲು 12.6 ಸಾಕು. ಅಂದಮೇಲೆ ತಾಮ್ರ ನೀರಿನ ಎಲೆಕ್ಟ್ರಾನನ್ನು ಕಿತ್ತುಕೊಳ್ಳಬೇಕು. ಆಗ ಎರಡೂ ಧನಾವೇಶ ಹೊತ್ತು ಒಂದನ್ನೊಂದು ದೂಡಿಕೊಂಡು ಸಿಡಿಯಬೇಕು.

ಆದರೆ ಆ ದೂಡುವಿಕೆಯೇ ಇಲ್ಲಿ ಕಾವಲಿಗೆ ನಿಲ್ಲುತ್ತದೆ. ಎರಡೂ ಹತ್ತಿರವಿರುವಾಗ ಎಲೆಕ್ಟ್ರಾನ್ ದಾಟಿದರೆ, ಎರಡು ಧನಾವೇಶಗಳನ್ನು ಅಷ್ಟು ಸಮೀಪ ಇರಿಸಿಕೊಳ್ಳುವ ದುಬಾರಿ ಖರ್ಚು ಬೀಳುತ್ತದೆ: 1.9 ಆಂಗ್‌ಸ್ಟ್ರಾಮ್ ಅಂತರದಲ್ಲಿ ಸುಮಾರು 7.6 ಎಲೆಕ್ಟ್ರಾನ್ ವೋಲ್ಟ್. ಬರುವ ಲಾಭವೂ ಹೆಚ್ಚುಕಡಿಮೆ ಅಷ್ಟೇ! ಮೇಲಾಗಿ ಎರಡು ಆವೇಶದ ತಾಮ್ರ ನೀರನ್ನು ಬಲವಾಗಿ ಸೆಳೆದುಕೊಂಡಿರುತ್ತದೆ. ಎತ್ತರದ ಕೆರೆಯ ನೀರಿಗೆ ಕೆಳಗೆ ಹರಿಯುವ ದಾರಿ ಇದ್ದರೂ ಏರಿ ತಡೆಯುವ ಹಾಗೆ, ಒಡೆದರೆ ಶಕ್ತಿ ಇಳಿಯುವ ಅಣುವೂ ನಡುವಿನ ತಡೆಯಿಂದ ಉಳಿದುಕೊಳ್ಳುತ್ತದೆ.

ಈ ಅಣು ಇದೆಯೋ ಇಲ್ಲವೋ ಎಂಬ ವಾದ ಕೆಲಕಾಲ ನಡೆಯಿತು. ಬರ್ಲಿನ್ನಿನ ಡೆಟ್ಲೆಫ್ ಶ್ರೋಡರ್, ಹೆಲ್ಮುಟ್ ಶ್ವಾರ್ಟ್ಸ್ ಮತ್ತು ಸಂಗಡಿಗರು 2001ರಲ್ಲಿ ಬರೆದ ಲೇಖನದ ಶೀರ್ಷಿಕೆಯಲ್ಲೇ, ಇವು ಇದ್ದೇ ಇವೆ ಎಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಸಾರಿದರು. ವಿಜ್ಞಾನ ಪತ್ರಿಕೆಯಲ್ಲಿ ಆ ಚಿಹ್ನೆ ಅಪರೂಪ; ನನಗೆ ಅದು ತುಂಬ ಪ್ರಿಯ. ಇಂಥ ಅಣುವನ್ನು ಮಾಡುವ ಒಂದು ಬಗೆ ಸೊಗಸಾಗಿದೆ: ಒಂದೇ ಆವೇಶದ ತಾಮ್ರ-ನೀರು ಜೋಡಿಯನ್ನು ವೇಗವಾಗಿ ಹಾರಿಸಿ, ಅನಿಲದ ಅಣುಗಳಿಗೆ ಡಿಕ್ಕಿ ಹೊಡೆಸಿ, ಇನ್ನೊಂದು ಎಲೆಕ್ಟ್ರಾನನ್ನು ಕಳಚುವುದು.

ಎಲ್ಲ ಲೋಹಕ್ಕೂ ಇಷ್ಟು ಕಷ್ಟವಿಲ್ಲ. ಕ್ಯಾಲ್ಸಿಯಮ್ಮಿನ ಎರಡನೆಯ ಎಲೆಕ್ಟ್ರಾನಿಗೆ ಬೇಕಾದದ್ದು 11.9, ನೀರಿಗಿಂತ ಕಡಿಮೆ. ಹಾಗಾಗಿ ಒಂದೇ ನೀರಿನೊಡನೆ ಅದಕ್ಕೆ ತಡೆಯ ಹಂಗೂ ಬೇಡ. ಮೆಗ್ನೀಸಿಯಮ್ಮಿಗೆ 15.0 ಬೇಕು. ಆರ್ಗಾನ್ ತನ್ನ ಎಲೆಕ್ಟ್ರಾನ್ ಬಿಡಲು 15.8 ಕೇಳುತ್ತದೆ. ಹೀಗಾಗಿ ಯಾರೊಡನೆಯೂ ಸೇರದ ಆರ್ಗಾನ್, ಎರಡು ಆವೇಶದ ಮೆಗ್ನೀಸಿಯಮ್ಮಿಗೆ ನೀರಿಗಿಂತ ನಂಬಿಕಸ್ಥ ಜೊತೆಗಾರ. ಎಂಥ ವಿಚಿತ್ರ! ನೀರು ಎರಡಾದರೆ ಇನ್ನೊಂದು ಬಾಗಿಲು ತೆರೆಯುತ್ತದೆ: ಒಂದು ನೀರು ಇನ್ನೊಂದಕ್ಕೆ ಪ್ರೋಟಾನ್ ಕೊಟ್ಟು, ಲೋಹದ ಹೈಡ್ರಾಕ್ಸೈಡ್ ಅಯಾನು ಒಂದು ಕಡೆ, ಹೈಡ್ರೋನಿಯಂ ಇನ್ನೊಂದು ಕಡೆ ಹೊರಡುತ್ತವೆ. ಕ್ಯಾಲ್ಸಿಯಂ ಕೂಡ ಈ ದಾರಿ ಹಿಡಿಯುತ್ತದೆ.

ಲೋಹವಲ್ಲದಿದ್ದರೂ ಹೀಲಿಯಂ ಜೋಡಿಯ ಕಥೆ ಹೇಳದಿರಲಾರೆ. ಎರಡು ಆವೇಶ ಹೊತ್ತೂ ಅದು ತಡೆಯ ಹಿಂದೆ ಬದುಕೀತು ಎಂದು ಲೈನಸ್ ಪೌಲಿಂಗ್ 1933ರಲ್ಲೇ ಲೆಕ್ಕ ಹಾಕಿದ್ದರು. ಪ್ರಯೋಗದಲ್ಲಿ ಸಿಕ್ಕಿದ್ದು 1984ರಲ್ಲಿ.

ತಾಮ್ರ-ನೀರಿನ ಈ ಅಣುವಿನ ಮೈಕ್ರೋಸೆಕೆಂಡುಗಳ ಆಯುಷ್ಯ ಯಾವ ಲೆಕ್ಕಕ್ಕೆ ಎನ್ನುವವರಿದ್ದಾರೆ. ಒಂದು ಮೈಕ್ರೋಸೆಕೆಂಡಿನಲ್ಲಿ ತಾಮ್ರ-ಆಮ್ಲಜನಕದ ಬಂಧ ಕೋಟಿಯಷ್ಟು ಬಾರಿ ಹಿಗ್ಗಿ ಕುಗ್ಗುತ್ತದೆ. ಅಷ್ಟು ಮಿಡಿದೂ ಒಡೆಯದ ಅಣುವನ್ನು ಅಸ್ಥಿರ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ.