ನಮ್ಮ ಲಿನಕ್ಸ್ ಪುರಾಣ

ನೈರೋಬಿಗೆ ಬಂದ ಕನ್ನಡಿಗರಲ್ಲಿ ಕೆಲವರಿಗೆ ಗಾಲ್ಫಿನ ಹುಚ್ಚು; ಕೆಲವರಿಗೆ ಭಾನುವಾರ ಬೆಳಗಾಯಿತೆಂದರೆ ನೈವಾಶಾ ಕಡೆಗೆ ಕಾರು ಓಡಿಸುವ ಹುಚ್ಚು. ನಮಗೆ ಹತ್ತಿದ್ದು ಲಿನಕ್ಸಿನ ಹುಚ್ಚು.

ಹಾಗೆಂದರೇನು ಎಂದು ಕೇಳುವವರಿಗೆ ಎರಡು ಮಾತು. ಗಣಕಯಂತ್ರವನ್ನು ನಡೆಸುವ ಮೂಲ ತಂತ್ರಾಂಶ ಅದು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆದು ಲೋಕಕ್ಕೆಲ್ಲ ಹಂಚಿದ್ದು. ಅಕ್ಕಿ ಒಂದೇ ಆದರೂ ಒಂದು ಮನೆಯಲ್ಲಿ ದೋಸೆ, ಇನ್ನೊಂದರಲ್ಲಿ ಕಡುಬು ಆಗುವುದಿಲ್ಲವೆ? ಅದರಂತೆ ಈ ಒಂದೇ ಸಾಮಗ್ರಿಯಿಂದ ಬೇರೆ ಬೇರೆ ತಂಡದವರು ತಮ್ಮ ತಮ್ಮ ಅಡುಗೆ ಮಾಡಿ ಬಡಿಸುತ್ತಾರೆ. ನಾವು ಹೆಚ್ಚುಕಡಿಮೆ ಎಲ್ಲರ ಪಂಕ್ತಿಯಲ್ಲೂ ಕುಳಿತೆವು.

ಮೊದಲು ಬಂದದ್ದು ಉಬುಂಟು, 2005ರಲ್ಲಿ, ಅಂಚೆಯಲ್ಲಿ. ಆಗ ಪೂರ್ವ ಆಫ್ರಿಕಾಕ್ಕೆ ಉಪಗ್ರಹವೇ ಗತಿ. ಸಮುದ್ರದಡಿಯ ಕೇಬಲ್ ಮೊಂಬಾಸಾ ಮುಟ್ಟಿದ್ದು 2009ರಲ್ಲಿ. 700 ಮೆಗಾಬೈಟಿನ ಸಿಡಿ ಇಳಿಸಿಕೊಳ್ಳುವುದೆಂದರೆ ಚಮಚದಲ್ಲಿ ಬಾವಿ ಬತ್ತಿಸಿದ ಹಾಗೆ. ಉಬುಂಟುವಿನವರೋ, ಕೇಳಿದವರಿಗೆಲ್ಲ ಅಂಚೆ ವೆಚ್ಚವನ್ನೂ ತಾವೇ ಹಾಕಿ ಸಿಡಿ ಕಳುಹಿಸುತ್ತಿದ್ದರು, 2011ರಲ್ಲಿ ನಿಲ್ಲಿಸಿದರು. "ಪುಕ್ಕಟೆ ಯಾರು ಕೊಡ್ತಾರ್ರೀ? ಹಿಂದಿನಿಂದ ಬಿಲ್ಲು ಬಂದೀತು" ಎಂದರು ನಮ್ಮ ಶ್ರೀಮತಿ. ಗೇಟಿನ ಅಸ್ಕಾರಿ ಮಾತ್ರ ಲಕೋಟೆಯ ಮೇಲಿನ ಹೆಸರು ಓದಿ, "ಇದು ನಮ್ಮ 'ಉಟು' ಅಲ್ಲವೆ?" ಎಂದು ನಕ್ಕ. ಸ್ವಾಹಿಲಿಯಲ್ಲಿ ಉಟು ಎಂದರೆ ಮನುಷ್ಯತನ. ಜುಲು ಮಾತಿನ ಉಬುಂಟುವೂ ಅದೇ. ಅದರ ಮೊದಲ ಆವೃತ್ತಿಗೆ ಇಟ್ಟ ಹೆಸರು ಇಲ್ಲಿನ ರಾಷ್ಟ್ರೀಯ ಉದ್ಯಾನದಲ್ಲಿ ಮೊಣಕಾಲೂರಿ ಹುಲ್ಲು ಮೇಯುವ ಆ ಕೋರೆಹಂದಿ, ಸ್ವಾಹಿಲಿಯ 'ಂಗಿರಿ'ಯದು.

ಆಮೇಲೆ ಫೆಡೋರಾ, ಸೂಸೆ, ಈಗ ಇಲ್ಲವಾಗಿರುವ ಮಾಂಡ್ರಿವಾ, ಹಳೆಯ ಯಂತ್ರಕ್ಕೆಂದು ಪಪ್ಪಿ, ಮಿಂಟ್. ಒಮ್ಮೆ ಅವಸರದಲ್ಲಿ ತಪ್ಪು ವಿಭಾಗವನ್ನು ಅಳಿಸಿ, ಶ್ರೀಮತಿಯವರ ತಂಗಿಯ ಮದುವೆಯ ಚಿತ್ರಗಳನ್ನೆಲ್ಲ ಕಳೆದೆವು. ಆ ವಾರ ನಮಗೆ ಬಡಿಸಿದ ಸಾರಿನ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ನಮ್ಮ ತಂದೆಯವರು ಅರಕಲಗೂಡಿನಲ್ಲಿ ಮೇಷ್ಟರಾಗಿದ್ದವರು. ನಿವೃತ್ತಿಯ ಮೇಲೆ ತಮ್ಮ ನೆನಪುಗಳನ್ನು ಬರೆದು, ಹಾಸನದ ಡಿಟಿಪಿ ಅಂಗಡಿಯೊಂದರಲ್ಲಿ ಬೆರಳಚ್ಚು ಮಾಡಿಸಿ, 2003ರಲ್ಲಿ ಒಂದು ಸಿಡಿ ಕಳುಹಿಸಿದ್ದರು. "ಬಿಡುವಾದಾಗ ಓದು" ಎಂದು ಚೀಟಿ. ಬಿಡುವು ಆಗಲಿಲ್ಲ. ಅವರು 2010ರಲ್ಲಿ ತೀರಿಕೊಂಡರು. ಕರ್ಮಾಂತರ ಮುಗಿಸಿ ಹಿಂದಿರುಗಿದ ರಾತ್ರಿ ಸಿಡಿ ಹಾಕಿದೆವು. ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು. 'ನ'ಕಾರ ಇರಬೇಕಾದಲ್ಲೆಲ್ಲ ಪೌಂಡಿನ ಗುರುತು. ಜೀವಮಾನದಲ್ಲಿ ಪೌಂಡು ಕಾಣದವರ ಆತ್ಮಕಥೆಯಲ್ಲಿ ಸಾಲಿಗೆ ನಾಲ್ಕು ಪೌಂಡು!

ದೋಷ ಲಿನಕ್ಸಿನದೆಂದೇ ತಿಳಿದೆವು. ಒಂದರಲ್ಲಿ ಆಗದ್ದು ಇನ್ನೊಂದರಲ್ಲಿ ಆದೀತೆಂದು ಒಂದಾದ ಮೇಲೊಂದು ಹಾಕಿದೆವು, ತೆಗೆದೆವು. ನಿಜ ಹೇಳಬೇಕೆಂದರೆ, ಹಾಕುತ್ತ ತೆಗೆಯುತ್ತ ಇರುವಷ್ಟು ದಿನ ಓದಬೇಕಾಗಿರಲಿಲ್ಲ.

ತಿಳಿದವರೊಬ್ಬರು ಕೊನೆಗೆ ಬಿಡಿಸಿ ಹೇಳಿದರು. ಆ ಕಾಲದ ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಸ್ಥಾನಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಅದೇ ಫಾಂಟು ಇದ್ದರೆ ಕನ್ನಡ; ಇಲ್ಲದಿದ್ದರೆ ಪೌಂಡು. ಯೂನಿಕೋಡಿನಲ್ಲಿ ಮಾತ್ರ ಕನ್ನಡಕ್ಕೆ 1991ರಿಂದಲೇ ಸ್ವಂತ ಸ್ಥಾನ ಉಂಟು. ಒಂದರಿಂದ ಇನ್ನೊಂದಕ್ಕೆ ತಿರುಗಿಸುವ ಸಾಧನವನ್ನು ಅರವಿಂದ ವಿ. ಕೆ. ಅವರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಅವರ 'ಗುಬ್ಬಿ' ಫಾಂಟೂ ಡೆಬಿಯನ್ನಿನಲ್ಲಿ ಸಿಗುತ್ತದೆ. ಡೆಬಿಯನ್ ಹಾಕಿದೆವು, ತಿರುಗಿಸಿದೆವು. ತಂದೆಯವರು ಗುಬ್ಬಿಯಲ್ಲಿ ಮಾತಾಡತೊಡಗಿದರು.

ಕೊನೆಯ ಅಧ್ಯಾಯವೊಂದು ತೆರೆಯಲಿಲ್ಲ. ಸಿಡಿಗೆ ಗೀರು ಬಿದ್ದಿತ್ತು. ಅಕ್ಕನ ಹತ್ತಿರ ಕಾಗದದ ಪ್ರತಿ ಇತ್ತು. ಇಲ್ಲಿಗಿಂತ ಅಲ್ಲಿ ಎರಡೂವರೆ ಗಂಟೆ ಮುಂದೆ. ಅವಳ ಊಟವಾದ ಮೇಲೆ ಫೋನು ಮಾಡಿದೆವು. "ಅಪ್ಪ ಇದ್ದಾಗ ಓದ್ಲಿಲ್ಲ, ಈಗ ಅಕ್ಷರ ಅಕ್ಷರ ಕೇಳ್ತೀಯಲ್ಲೋ" ಎಂದಳು. ಓದಿದಳು. ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆಯಲ್ಲಿ ನಾವು ಒತ್ತುತ್ತ ಹೋದೆವು.

ಅದು 1998ರಲ್ಲಿ ನಾವು ಊರು ಬಿಟ್ಟ ದಿನದ ಅಧ್ಯಾಯ. ನಮ್ಮನ್ನು ಹಾಸನದಲ್ಲಿ ಬಸ್ಸು ಹತ್ತಿಸಿ ಹಿಂದಿರುಗಿದವರು ಮನೆಗೆ ಹೋಗದೆ, ಬೀಗ ತೆಗೆಸಿ, ಶಾಲೆಯ ಏಳನೇ ತರಗತಿಯಲ್ಲಿ ಕತ್ತಲಾಗುವವರೆಗೆ ಕುಳಿತಿದ್ದರಂತೆ. ನಾವು ಕುಳಿತು ಕಲಿತ ಬೆಂಚಿನ ಮೇಲೆ. ಅಕ್ಕ ಅಲ್ಲಿಗೆ ನಿಲ್ಲಿಸಿದಳು. "ಬರ್ಕೊಂಡ್ಯಾ?" ಎಂದಳು, ತುಸು ಹೊತ್ತಿನ ಮೇಲೆ. ಬರೆದುಕೊಂಡಿರಲಿಲ್ಲ; ಇನ್ನೊಮ್ಮೆ ಓದೆಂದೆವು.